ಮಳೆಗಾಲಕ್ಕೆ ಮುನ್ನ ಮನೆಯ ಸಿದ್ಧತೆ

ಹಿಮ ಬೀಳುವ ದೇಶಗಳಲ್ಲಿ ಗೃಹಿಣಿಯರು ಎಲೆಯುದುರುವ ಕಾಲದಲ್ಲಿಯೇ ಮನೆಯನ್ನು ಸರಿಪಡಿಸಿಕೊಂಡು ಚಳಿಗಾಲವನ್ನು ಎದುರುನೋಡುವರು. ನಮ್ಮ ದಕ್ಷಿಣ ಕನ್ನಡದಲ್ಲಿ ಮನೆಯನ್ನು ಪರೀಕ್ಷಿಸುವ ಋತುವು ಮಳೆಗಾಲವೇ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು; ಅದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನ ವರೆಗೆ ಸುರಿಯುವುದು. ಆದುದರಿಂದ ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನು ವ್ಯರ್ಥಗೊಳಿಸಬಾರದು.

ಮೊದಲು ಒಂದು ಲೆಕ್ಕವನ್ನು ಮಾಡಿ ನೋಡೋಣ. ಮನೆಯ ಮಾಡು ಆವರಿಸಿದ ನೆಲವು 100 ಚದರ ಮೀಟರ್ ಇದ್ದು, ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ, ಆ ಮಾಡಿನ ಮೇಲೆ ಬಿದ್ದ ನೀರು 10,000 ಲೀಟರ್. 15 ಲೀಟರಿನ ಕೊಡದಿಂದ ಅಳೆದರೆ 660ಕ್ಕೂ ಹೆಚ್ಚು ಕೊಡಗಳಾಗುವುವು! ಇಷ್ಟು ನೀರನ್ನು ತಡೆಯುವುದು ನಮ್ಮಿಂದಾಗದು. ಅದಕ್ಕೆ ದಾರಿ ಮಾಡಿಕೊಡುವುದು ಮಾತ್ರ ನಮ್ಮಿಂದಾಗುವುದು. ಮನೆಯ ಸಿದ್ಧತೆಯೆಲ್ಲವೂ ಈ ಒಂದು ತತ್ತ್ವದಲ್ಲಿ ಅಡಗಿದೆ.

1. ಮಾಡು. ಬಾಸೆಲ್ ಮಿಶನಿನ ಪ್ಲೆಬ್‌ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಈ ಹಂಚುಗಳು ಒಂದನ್ನೊಂದು ಹಿಡಿದುಕೊಂಡು, ಮೇಲಿನ ಹಂಚಿನ ನೀರನ್ನು ಕೆಳಗಿನ ಹಂಚಿಗೆ ಒಪ್ಪಿಸುವುವು. ಒಂದು ಹಂಚು ಒಡೆದರೂ ನೀರು ಒಳಗಿಳಿದು ರೀಪನ್ನೂ ಪಕ್ಕಾಸನ್ನೂ ನೆನೆಸುವುದು. ನೆನೆದ ಮರವು ಕುಂಬಾಗುವುದು, ಗೆದ್ದಲು ಹಿಡಿಯುವುದು. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ನಡುಹಗಲಿನಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿ ಮೇಲಕ್ಕೆ ನೋಡಿರಿ. ಬಿಸಿಲಿನ ಕೋಲು ಇಳಿಯುವ ಕಡೆಯಲ್ಲಿ ಮಳೆಯ ನೀರೂ ಇಳಿಯಬಹುದು. ಅಂಥ ಸ್ಥಳಗಳನ್ನು ಗುರುತಿಸಿ ಬರೆದಿಡಿರಿ. ಮಾಡಿಗೆ ಹತ್ತುವ ಕೆಲಸವನ್ನು ಅನುಭವಸ್ಥರಿಗೆ ಬಿಡತಕ್ಕದ್ದು. ಹಂಚಿನ ಮೇಲಿನ ತರಗೆಲೆಯನ್ನೂ ಪಾಚಿಯನ್ನೂ ತೆಗೆಯಿಸಬೇಕು. ಕಾಂಕ್ರೀಟಿನ ತಾರಸಿಯಿದ್ದವರು ನೀರು ಹೊರಡುವ ಕೊಳವೆಯ ಬಾಯನ್ನು ಶುಚಿಮಾಡಬೇಕು.

2. ಗೋಡೆ. ನಮ್ಮ ಮುರಕಲ್ಲು ಅಗೆಯುವಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದು. ಆದರೂ ನೀರನ್ನು ಹೀರುವ ಗುಣ ಅದಕ್ಕುಂಟು. ಮಣ್ಣಿನಿಂದ ಕಟ್ಟಿದ ಗೋಡೆಯಾದರೋ ಬುಡ ನೆನೆದೊಡನೆ ಬಲಗುಂದುವುದು. ಮಳೆಯ ರಾತ್ರಿಗಳಲ್ಲಿ ಗೋಡೆ ಕುಸಿದು ಮಲಗಿದ್ದವರು ಮಡಿದ ಸಂಗತಿಗಳು ವಿರಳವಲ್ಲ. ಆದುದರಿಂದ ಬಿರುಕುಗಳನ್ನು ತುಂಬಿಸಿ, ಉದುರಿದ ಗಾರೆಯನ್ನು ಸರಿಪಡಿಸಿ, ಸುಣ್ಣ ಬಳಿಯಿಸಿರಿ. ಬಿರುಕು ದೊಡ್ಡದಾಗಿದ್ದರೆ ಅಥವಾ ಗೋಡೆ ವಾಲಿದ್ದರೆ, ದುರಸ್ತಿಯಾಗುವ ತನಕ ಅದರ ಪಕ್ಕದಲ್ಲಿ ಯಾರೂ ಮಲಗಬಾರದು.

3. ಅಂಗಳವೂ ಬಾವಿಯೂ. ಸೂರಿನಿಂದ ಬಿದ್ದ ನೀರು ಗೋಡೆಯ ಕಡೆಗೆ ಹರಿಯದಂತೆ ಅಂಗಳಕ್ಕೆ ಹೊರಗಿನ ಇಳಿಜಾರು ಇರಬೇಕು. ಚರಂಡಿಯ ಹೂಳನ್ನು ಮೇ ತಿಂಗಳಲ್ಲಿಯೇ ತೆಗೆಯಿರಿ. ಬಾವಿಗೆ ಎತ್ತರವಾದ ಕಟ್ಟೆಯಿದ್ದು, ಸುತ್ತಲಿನ ಕೊಳೆನೀರು ಒಳಸೇರದಂತಿರಬೇಕು. ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಎಂಬವರು ವಾಂತಿಭೇದಿಯು ಕೆಟ್ಟ ನೀರಿನಿಂದ ಹರಡುವುದೆಂಬುದಕ್ಕೆ ಬಲವಾದ ಆಧಾರವನ್ನು ಒದಗಿಸಿದರು. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ಕಂಡ ರೊನಾಲ್ಡ್ ರಾಸ್ ಅವರ ಶೋಧವು 1897ರಲ್ಲಿ ಸಿಕಂದರಾಬಾದಿನಲ್ಲಿ ನಡೆಯಿತು. ಆದಕಾರಣ ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟಯರು ಇವುಗಳಲ್ಲಿ ನೀರು ನಿಲ್ಲಗೊಡಬೇಡಿರಿ.

4. ಒಳಗಿನ ಸಿದ್ಧತೆ. ಸೌದೆಯನ್ನು ಒಣಗಿಸಿ ಒಳಗಿಡುವುದು, ಹಪ್ಪಳ ಸಂಡಿಗೆಗಳನ್ನು ಬಿಸಿಲಿರುವಾಗಲೇ ಮಾಡುವುದು, ಅಕ್ಕಿಯನ್ನು ನೆಲದ ತೇವ ತಗಲದಂತೆ ಎತ್ತರದಲ್ಲಿ ಇಡುವುದು, ಇವು ನಿಮ್ಮ ಅಜ್ಜಿಯರಿಂದ ನೀವು ಕಲಿಯತಕ್ಕ ಪಾಠಗಳು.

ಪ್ರಿಯ ಸೋದರಿಯರೇ, ಹಂಚು, ಗೋಡೆಗಳ ವಿಚಾರವು ಗಂಡಸರದ್ದೆಂದು ಸುಮ್ಮನಿರಬೇಡಿರಿ. ದಿನವಿಡೀ ಮನೆಯಲ್ಲಿ ಇರುವವರ ಕಣ್ಣಿಗೇ ಮೊದಲ ತೇವದ ಕಲೆ ಬೀಳುವುದು. ನಿಮ್ಮ ಮನೆಯ ಕೆಲಸ ಮುಗಿದ ಮೇಲೆ, ದುಡಿಯುವವರಿಲ್ಲದ ನೆರೆಯ ಮುದುಕಿಯ ಮಾಡನ್ನೂ ಒಮ್ಮೆ ನೋಡಿರಿ. ಹತ್ತು ಹಂಚುಗಳ ಸಹಾಯ ಅವಳಿಗೆ ನಾಲ್ಕು ತಿಂಗಳ ನೆಮ್ಮದಿಯಾದೀತು. ಬಂಡೆಯ ಮೇಲೆಯೂ ಉಸುಬಿನ ಮೇಲೆಯೂ ಕಟ್ಟಿದ ಎರಡು ಮನೆಗಳ ಸಾಮ್ಯವನ್ನು ನೀವು ಬಲ್ಲಿರಿ. ಎರಡರ ಮೇಲೆಯೂ ಸುರಿದದ್ದು ಒಂದೇ ಬಗೆಯ ಮಳೆ. ಅವುಗಳ ಭೇದವು ಮಳೆಗೆ ಮುಂಚೆಯೇ ನಿರ್ಣಯವಾಗಿತ್ತು.