ಹಳೆಯ ಕ್ಯಾಮರಾ, ಹೊಸ ಕ್ಯಾಮರಾ: ಒಂದು ತೌಲನಿಕ ವಿವೇಚನೆ

ಗುಜರಾತಿನ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ಕ್ಯಾಮರಾ ಎಂಬುದು ಕೇವಲ ವಿಲಾಸದ ವಸ್ತುವಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಬರಲಾಗದ ಅಜ್ಜಿಗೆ ಆ ದಿನದ ಸಂಭ್ರಮವನ್ನು ತಲಪಿಸುವುದು ಅದೇ. ಅಹಮದಾಬಾದಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಿರಿಯರ ಊರಿನ ಜಗುಲಿ, ತುಳಸಿಕಟ್ಟೆಗಳ ಪರಿಚಯ ಮಾಡಿಕೊಡುವುದೂ ಅದೇ. ಎರಡು ದಶಕಗಳ ಹಿಂದೆ ಆಸೆಪಟ್ಟು ಕೊಂಡ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ ಹಲವು ಮನೆಗಳ ಬೀರುವಿನಲ್ಲಿ ಇಂದಿಗೂ ಭದ್ರವಾಗಿದೆ. ಮಗನೋ ಮಗಳೋ ಹೊಸದೊಂದನ್ನು ಕೊಳ್ಳೋಣವೆಂದಾಗ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಇದಕ್ಕೇನಾಗಿದೆ?" ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಉತ್ತರವನ್ನು ಜಾಹೀರಾತುಗಳಲ್ಲಿ ಅರಸದೆ, ಎರಡು ಯಂತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಗಾಗಿ 2004ರಲ್ಲಿ ಬಂದ ನಿಕಾನ್ ಡಿ70 ಹಾಗೂ 2017ರಲ್ಲಿ ಬಂದ ನಿಕಾನ್ ಡಿ7500 ಎಂಬ ಮಾದರಿಗಳನ್ನು ಆರಿಸಿಕೊಂಡಿದೆ. ಇವೆರಡೂ ಒಂದೇ ಸಂಸ್ಥೆಯವು. ಬೆಳಕನ್ನು ಗ್ರಹಿಸುವ ಫಲಕ ಎರಡರಲ್ಲಿಯೂ ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ್ದು, ಒಂದರ ಮಸೂರವನ್ನು ಬಹುಮಟ್ಟಿಗೆ ಇನ್ನೊಂದಕ್ಕೂ ಜೋಡಿಸಬಹುದು. ಆದಕಾರಣ ಇವುಗಳ ನಡುವೆ ಕಾಣುವ ವ್ಯತ್ಯಾಸವು ಹೆಚ್ಚಾಗಿ ಹದಿಮೂರು ವರ್ಷಗಳ ಪ್ರಗತಿಯ ಫಲವೆಂದೇ ತಿಳಿಯಬಹುದು.

ಯಂತ್ರದ ರಚನೆ

ಕ್ಯಾಮರಾದ ರಚನೆಯು ನಮ್ಮ ಕಣ್ಣಿನ ರಚನೆಯನ್ನೇ ಹೋಲುತ್ತದೆ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಬೆಳಕನ್ನು ನಿಯಂತ್ರಿಸುವಂತೆ ಇಲ್ಲಿ ಮಸೂರದೊಳಗಿನ ರಂಧ್ರವು ನಿಯಂತ್ರಿಸುತ್ತದೆ. ಅಕ್ಷಿಪಟಲದ ಸ್ಥಾನದಲ್ಲಿ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕವಿರುತ್ತದೆ. ಎಸ್‌ಎಲ್‌ಆರ್ ಕ್ಯಾಮರಾದ ವೈಶಿಷ್ಟ್ಯವೆಂದರೆ ಮಸೂರದ ಹಿಂದೆ ಓರೆಯಾಗಿ ನಿಲ್ಲಿಸಿರುವ ಪುಟ್ಟ ಕನ್ನಡಿ. ಮಸೂರದಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಾವು ಕಣ್ಣಿಟ್ಟು ನೋಡುವ ಕಿಂಡಿಗೆ ಕಳಿಸುತ್ತದೆ. ಗುಂಡಿಯನ್ನು ಒತ್ತಿದೊಡನೆ ಸರಕ್ಕನೆ ಮೇಲೆದ್ದು ಫಲಕಕ್ಕೆ ದಾರಿ ಬಿಡುತ್ತದೆ.

ಈ ವಿದ್ಯೆಯ ಇತಿಹಾಸ ದೀರ್ಘವಾದುದೇನಲ್ಲ. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾ ಕೇವಲ ಹತ್ತು ಸಾವಿರ ಬಿಂದುಗಳ ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಅದೇ ಸಂಸ್ಥೆಯು ನಿಕಾನ್ ಎಫ್3 ಕ್ಯಾಮರಾವನ್ನು ಆಧರಿಸಿ 13 ಲಕ್ಷ ಬಿಂದುಗಳ ಡಿಜಿಟಲ್ ಎಸ್‌ಎಲ್‌ಆರ್ ಒಂದನ್ನು ಮಾರುಕಟ್ಟೆಗೆ ತಂದಿತು. ಮಧ್ಯಮ ವರ್ಗದ ಕುಟುಂಬವೊಂದು ಯೋಚಿಸಿ ಕೊಳ್ಳಬಹುದಾದ ಯಂತ್ರಗಳು ಬಂದದ್ದು 2003 ಮತ್ತು 2004ರಲ್ಲಿ.

ಹಗಲಿನ ಬೆಳಕಿನಲ್ಲಿ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ಮೆಗಾಪಿಕ್ಸೆಲ್. ಡಿ70 ತೆಗೆಯುವ ಚಿತ್ರದಲ್ಲಿ ಅಡ್ಡಲಾಗಿ 3008, ಉದ್ದವಾಗಿ 2000, ಅಂದರೆ ಒಟ್ಟು ಸುಮಾರು 60 ಲಕ್ಷ ಬಿಂದುಗಳಿರುತ್ತವೆ. ಡಿ7500ರಲ್ಲಿ 5568 ಮತ್ತು 3712, ಒಟ್ಟು 2 ಕೋಟಿಗೂ ಮಿಕ್ಕು. ಮೂರೂಕಾಲು ಪಟ್ಟಿಗಿಂತಲೂ ಹೆಚ್ಚು ಎಂದು ಕೇಳಿದಾಗ ಬೆರಗಾಗುವುದು ಸಹಜ. ಆದರೆ ಚಿತ್ರದ ಅಗಲವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಈ ವೃದ್ಧಿ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಅಂಗುಲಕ್ಕೆ 300 ಬಿಂದುಗಳಂತೆ ಉತ್ತಮವಾಗಿ ಮುದ್ರಿಸಿದಾಗ ಹಳೆಯ ಕ್ಯಾಮರಾದ ಚಿತ್ರವು 10 ಅಂಗುಲ ಅಗಲಕ್ಕೂ, ಹೊಸದರದು ಹದಿನೆಂಟೂವರೆ ಅಂಗುಲಕ್ಕೂ ಬರುತ್ತದೆ. ಮನೆಯ ಆಲ್ಬಮ್ಮಿನ ಚಿತ್ರವೋ ಸಾಮಾನ್ಯವಾಗಿ 6 ಅಂಗುಲದ್ದು!

ಸೂರತ್ತಿನ ಕನ್ನಡಿಗರಿಗೆ ಈ ಮಾತನ್ನು ವಿವರಿಸುವುದು ಸುಲಭ. ಅಲ್ಲಿನ ವಜ್ರದ ಪರೀಕ್ಷಕರು ಹರಳನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುತ್ತಾರೆ. ಅದು ಅವರ ವೃತ್ತಿಧರ್ಮ. ಆದರೆ ಮದುವೆಮನೆಯಲ್ಲಿ ಆ ಉಂಗುರವನ್ನು ಯಾರೂ ಭೂತಗನ್ನಡಿಯಿಂದ ನೋಡುವುದಿಲ್ಲ. ಅಹಮದಾಬಾದಿನಲ್ಲಿ 1573ರ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರವನ್ನು ಬಿಸಿಲಿರುವಾಗ ಎರಡೂ ಕ್ಯಾಮರಾಗಳಿಂದ ತೆಗೆದು ಆಲ್ಬಮ್ಮಿನ ಅಳತೆಯಲ್ಲಿ ಮುದ್ರಿಸಿದರೆ, ಯಾವುದು ಯಾವುದರದೆಂದು ಹೇಳುವುದು ಪಳಗಿದವರಿಗೂ ಕಷ್ಟವೇ.

ಇನ್ನೊಂದು ವಿಷಯದಲ್ಲಿ ಹಳೆಯದೇ ಮುಂದಿದೆ. ನಡುಹಗಲಲ್ಲಿ ಮುಖದ ಮೇಲೆ ಬೀಳುವ ಕಪ್ಪು ನೆರಳನ್ನು ನೀಗಲು ಫ್ಲಾಷ್ ಬಳಸುವ ಕ್ರಮವುಂಟಷ್ಟೆ. ಫ್ಲಾಷಿನೊಡನೆ ಡಿ70 ಸೆಕೆಂಡಿನ 500ನೆಯ ಒಂದು ಭಾಗದಷ್ಟು ಕಿರಿದಾದ ಅವಧಿಯಲ್ಲಿ ಚಿತ್ರ ತೆಗೆಯಬಲ್ಲದು. ಡಿ7500ರ ಸಾಮಾನ್ಯ ಮಿತಿ 250ನೆಯ ಒಂದು ಭಾಗ. ಹೊಸದೆಲ್ಲವೂ ಎಲ್ಲದರಲ್ಲಿಯೂ ಮೇಲೆಂಬ ನಂಬಿಕೆಗೆ ಇದೊಂದು ಅಪವಾದ.

ಇರುಳಿನ ಪರೀಕ್ಷೆ

ಹಾಗಾದರೆ ಹೊಸ ಕ್ಯಾಮರಾದ ನಿಜವಾದ ಹಿರಿಮೆ ಎಲ್ಲಿದೆ? ಅದು ಇರುಳಿನಲ್ಲಿದೆ. ಬೆಳಕಿಗೆ ಫಲಕವು ತೋರುವ ಸಂವೇದನೆಯನ್ನು ಐಎಸ್‌ಒ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಡಿ70ರಲ್ಲಿ ಇದು 200ರಿಂದ 1600ರವರೆಗೆ ಮಾತ್ರ. 1600ಕ್ಕೆ ಏರಿಸಿದರೆ ನೆರಳಿನ ಭಾಗಗಳಲ್ಲಿ ರವೆ ಚೆಲ್ಲಿದಂತಹ ಕಲೆಗಳು ಕಾಣತೊಡಗುತ್ತವೆ. ಡಿ7500ರಲ್ಲಿ ಸಾಮಾನ್ಯ ವ್ಯಾಪ್ತಿಯೇ 100ರಿಂದ 51,200ರವರೆಗೆ ಇದೆ. ಅಷ್ಟು ಎತ್ತರಕ್ಕೆ ಹೋದಾಗ ಅದರ ಚಿತ್ರವೂ ಕೆಡುತ್ತದೆ. ಆದರೆ 6400ರಲ್ಲಿ ತೆಗೆದ ಚಿತ್ರವನ್ನು ಸಂಕೋಚವಿಲ್ಲದೆ ಆಲ್ಬಮ್ಮಿಗೆ ಸೇರಿಸಬಹುದು.

ಇದರ ಪ್ರಯೋಜನವನ್ನು ವಡೋದರಾದ ನವರಾತ್ರಿಯಲ್ಲಿ ಕಾಣಬಹುದು. ಗರ್ಬಾ ಮೈದಾನದ ದೀಪಗಳ ಬೆಳಕಿನಲ್ಲಿ, ಎಫ್/4 ರಂಧ್ರದ ಮಸೂರದಿಂದ, ಐಎಸ್‌ಒ 1600ರಲ್ಲಿ ಸೆಕೆಂಡಿನ 60ನೆಯ ಒಂದು ಭಾಗದ ಅವಧಿ ಬೇಕಾಯಿತೆಂದು ಭಾವಿಸೋಣ. ಕುಣಿಯುವ ಹುಡುಗಿಯ ಕೈ ಸೆಕೆಂಡಿಗೆ 2 ಮೀಟರಿನಂತೆ ಚಲಿಸಿದರೆ, ಅಷ್ಟರೊಳಗೆ ಅದು ಮೂರು ಸೆಂಟಿಮೀಟರಿಗೂ ಹೆಚ್ಚು ದೂರ ಸಾಗಿ ಚಿತ್ರದಲ್ಲಿ ಮಸುಕಾಗುತ್ತದೆ. ಐಎಸ್‌ಒ 6400 ಆದಾಗ ಅವಧಿ ಕಾಲುಭಾಗಕ್ಕೆ ಇಳಿಯುತ್ತದೆ. ಕೈಯ ಚಲನೆ ಒಂದು ಸೆಂಟಿಮೀಟರಿಗಿಂತ ಕಡಿಮೆ. ಬೆರಳುಗಳು ಬೆರಳುಗಳಾಗಿಯೇ ಕಾಣುತ್ತವೆ. 1499ರ ಅಡಾಲಜ್ ಮೆಟ್ಟಿಲುಬಾವಿಯ ಕೆಳ ಅಂತಸ್ತುಗಳ ಮಬ್ಬುಗತ್ತಲೆಗೂ ಇದೇ ಲೆಕ್ಕ. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ನಿಲ್ಲಿಸಲು ಅನುಮತಿ ಬೇಕಾಗುವುದರಿಂದ, ಕೈಯಲ್ಲಿ ಹಿಡಿದೇ ತೆಗೆಯುವವರಿಗೆ ಈ ಶಕ್ತಿ ಅತ್ಯಂತ ಉಪಯುಕ್ತ.

ಆದರೂ ಹಳೆಯ ಕ್ಯಾಮರಾದ ಒಡೆಯರು ನಿರಾಶರಾಗಬೇಕಾಗಿಲ್ಲ. ಎಫ್/4ರ ಬದಲು ಎಫ್/1.8 ರಂಧ್ರವುಳ್ಳ 50 ಮಿ.ಮೀ. ಮಸೂರವನ್ನು ಜೋಡಿಸಿದರೆ ಸುಮಾರು ಐದು ಪಟ್ಟು ಬೆಳಕು ಒಳಬರುತ್ತದೆ. ಹೊಸ ಫಲಕವು ಕೊಡುವ ಲಾಭದ ಬಹುಭಾಗವನ್ನು ಅಲ್ಪವೆಚ್ಚದ ಈ ಮಸೂರವೇ ಕೊಡುತ್ತದೆ. ಸ್ಪಷ್ಟವಾಗಿ ಕಾಣುವ ಆಳವು ಕಡಿಮೆಯಾಗುವುದರಿಂದ ಗುಂಪಿನ ಚಿತ್ರಕ್ಕೆ ಇದು ಒಗ್ಗದು. ಒಬ್ಬಿಬ್ಬರ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ವೇಗ ಮತ್ತು ಧ್ವನಿ

ಉತ್ತರಾಯಣದ ದಿನ ಸಾಬರಮತಿಯ ದಡದಲ್ಲಿ ಗಾಳಿಪಟಗಳನ್ನು ಹಿಡಿಯಹೊರಟವರಿಗೆ ವೇಗದ ಅಂತರ ತಿಳಿಯುತ್ತದೆ. ಡಿ70ರಲ್ಲಿ ದೂರವನ್ನು ತಾನಾಗಿ ಹೊಂದಿಸುವ ಬಿಂದುಗಳು 5, ಡಿ7500ರಲ್ಲಿ 51. ಸೆಕೆಂಡಿಗೆ ಮೊದಲನೆಯದು 3, ಎರಡನೆಯದು 8 ಚಿತ್ರಗಳನ್ನು ತೆಗೆಯುತ್ತದೆ. ಓಡುವ ಮಗು, ಹಾರುವ ಹಕ್ಕಿ ಇವುಗಳ ವಿಷಯದಲ್ಲಿ ಹೊಸದು ನಿಸ್ಸಂದೇಹವಾಗಿ ಮೇಲು.

ಆದರೆ ವೇಗವೇ ದೃಷ್ಟಿಯಲ್ಲ. 1913ರಲ್ಲಿ ನವಸಾರಿಯಲ್ಲಿ ಜನಿಸಿ, ಕೊನೆಯ ವರ್ಷಗಳನ್ನು ವಡೋದರಾದಲ್ಲಿ ಕಳೆದು 2012ರಲ್ಲಿ ನಿಧನರಾದ ಹೋಮಾಯಿ ವ್ಯಾರವಾಲಾ ಅವರು ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯೋದಯದ ದಿನಗಳನ್ನು ಅವರು ಚಿತ್ರಿಸಿದ್ದು ಒಂದೊಂದು ಚಿತ್ರಕ್ಕೂ ಕೈಯಾರೆ ಸಿದ್ಧಗೊಳಿಸಬೇಕಾದ ಭಾರದ ಕ್ಯಾಮರಾಗಳಿಂದ. ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂತಹ ವನ್ಯಜೀವಿ ಛಾಯಾಗ್ರಾಹಕರೂ ಫಿಲ್ಮಿನ ಕಾಲದಲ್ಲಿಯೇ ಹೆಸರಾದವರು. ಕಾದು ಕುಳಿತುಕೊಳ್ಳುವ ಸಹನೆಯನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಹಳೆಯದರಲ್ಲಿ ಇಲ್ಲವೇ ಇಲ್ಲದ ಸೌಲಭ್ಯವೊಂದು ಹೊಸದರಲ್ಲಿದೆ, ಅದು ಚಲಚ್ಚಿತ್ರ. ಡಿ7500 ಧ್ವನಿಸಹಿತವಾಗಿ ಉತ್ತಮ ದರ್ಜೆಯ ವಿಡಿಯೋ ತೆಗೆಯುತ್ತದೆ. ಅಜ್ಜಿಯ ಮುಖವನ್ನು ಡಿ70 ಉಳಿಸೀತು. ಆಕೆ ಹಾಡುವ ಸೋಬಾನೆ ಪದದ ದನಿಯನ್ನು ಉಳಿಸಲಾರದು. ಹಿರಿಯರಿರುವ ಮನೆಯವರು ಈ ಒಂದು ಅಂಶಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮಹತ್ವ ಕೊಡತಕ್ಕದ್ದು.

ಕಣ್ಣು, ಕತ್ತುಗಳ ಆರೋಗ್ಯ

ನಲವತ್ತು ದಾಟಿ ಚಾಳೀಸು ಬಂದವರಿಗೆ ಹಳೆಯ ಕ್ಯಾಮರಾದ 1.8 ಅಂಗುಲದ ಪರದೆಯನ್ನು ಓದುವುದು ಪ್ರಯಾಸ. ಹೊಸದರ ಪರದೆ 3.2 ಅಂಗುಲದ್ದು, ಬೇಕಾದಂತೆ ಓರೆ ಮಾಡಬಹುದು. ನೋಡುವ ಕಿಂಡಿಯಲ್ಲಿಯೂ ಹೊಸದರ ನೋಟ ದೊಡ್ಡದು, ಹೆಚ್ಚು ಬೆಳಕಿನದು. ಕಿಂಡಿಯ ಪಕ್ಕದಲ್ಲಿ ದೃಷ್ಟಿದೋಷಕ್ಕೆ ತಕ್ಕಂತೆ ಹೊಂದಿಸುವ ಸಣ್ಣ ತಿರುಪು ಅಥವಾ ಜಾರುಗುಂಡಿ ಎರಡರಲ್ಲಿಯೂ ಇದೆ. ಬಹಳ ಮಂದಿ ಅದನ್ನು ಮುಟ್ಟದೆಯೇ, ಚಿತ್ರ ಮಸುಕಾಗಿ ಕಾಣುತ್ತದೆಂದು ಕ್ಯಾಮರಾವನ್ನು ಹಳಿಯುತ್ತಾರೆ.

ಎರಡಕ್ಕೂ ಸಮಾನವಾದ ಅಪಾಯವೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಗಾಳಿಪಟವನ್ನು ಹಿಂಬಾಲಿಸುತ್ತ ದೂರದರ್ಶಕ ಮಸೂರವನ್ನು ಸೂರ್ಯನತ್ತ ತಿರುಗಿಸಿದರೆ, ಕೇಂದ್ರೀಕೃತವಾದ ಬಿಸಿಲು ಕನ್ನಡಿಯ ಮೂಲಕ ನೇರವಾಗಿ ಕಣ್ಣನ್ನು ಹೊಗುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ, ಅದು ಸುಟ್ಟರೂ ಆ ಕ್ಷಣಕ್ಕೆ ತಿಳಿಯದು. ದೃಷ್ಟಿಯ ನಡುವೆ ಕಪ್ಪು ಚುಕ್ಕೆ ಕಾಣಿಸಿದಾಗ ಹಾನಿ ಆಗಿಹೋಗಿರುತ್ತದೆ. ಸೂರ್ಯನನ್ನು ಸದಾ ಬೆನ್ನಿಗೋ ಬದಿಗೋ ಇಟ್ಟುಕೊಂಡು ನಿಲ್ಲತಕ್ಕದ್ದು. ಮಕ್ಕಳ ಕೈಗೆ ಕ್ಯಾಮರಾ ಕೊಡುವ ಮೊದಲು ಇದನ್ನು ತಿಳಿಸತಕ್ಕದ್ದು.

ತೂಕದಲ್ಲಿ ಹೆಚ್ಚಿನ ಭೇದವಿಲ್ಲ. ಮಸೂರವೂ ಸೇರಿದರೆ ಎರಡೂ ಒಂದು ಕಿಲೋಗ್ರಾಮಿನ ಆಸುಪಾಸು. ದಿನವಿಡೀ ಕತ್ತಿಗೆ ನೇತುಹಾಕಿಕೊಳ್ಳುವ ಬದಲು ಪಟ್ಟಿಯನ್ನು ಜನಿವಾರದಂತೆ ಓರೆಯಾಗಿ ಹಾಕಿಕೊಂಡರೆ ಭಾರ ಹೆಗಲಿಗೆ ಹಂಚಿಹೋಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದರೆ ಕೈ ನಡುಗದು, ಹೆಗಲೂ ದಣಿಯದು.

ಧೂಳು ಮತ್ತು ತೇವ

ಅಹಮದಾಬಾದಿನ ಬೇಸಗೆಯ ಧೂಳು, ಸೂರತ್ತಿನ ಮಳೆಗಾಲದ ತೇವ ಇವೆರಡೂ ಕ್ಯಾಮರಾದ ಶತ್ರುಗಳು. ಫಲಕವನ್ನು ಕಂಪಿಸಿ ಧೂಳು ಕೊಡಹುವ ವ್ಯವಸ್ಥೆ ಹೊಸದರಲ್ಲಿದೆ, ಹಳೆಯದರಲ್ಲಿಲ್ಲ. ಆದ್ದರಿಂದ ಬಯಲಿನಲ್ಲಿ ಮಸೂರ ಬದಲಾಯಿಸುವುದನ್ನು ಬಿಡಬೇಕು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಆಗಾಗ್ಗೆ ಹೊರತೆಗೆದು ಬಳಸುವುದೇ ಇದಕ್ಕೆ ಮದ್ದು.

ಚಿತ್ರಗಳ ಆಯುಸ್ಸು

ಕ್ಯಾಮರಾ ಹಳೆಯದಾದರೆ ಇನ್ನೊಂದನ್ನು ಕೊಳ್ಳಬಹುದು. ಕಳೆದುಹೋದ ಚಿತ್ರವನ್ನು ಕೊಳ್ಳಲಾಗದು. 2006ರ ಆಗಸ್ಟಿನಲ್ಲಿ ತಾಪಿ ನದಿಯು ಸೂರತ್ತನ್ನು ಮುಳುಗಿಸಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯ ನೀರು ವಡೋದರಾದ ಮನೆಗಳಿಗೆ ನುಗ್ಗಿತು. ಇಂತಹ ನೀರು ಆಲ್ಬಮ್, ಸಿ.ಡಿ., ಕಂಪ್ಯೂಟರ್ ಎಂಬ ಭೇದವೆಣಿಸದು. ನೀರು ಬಾರದ ಮನೆಗಳಲ್ಲಿಯೂ, ಡಿ70ರ ಕಾಲದಲ್ಲಿ ಸಿ.ಡಿ.ಗಳಿಗೆ ಬರೆದಿಟ್ಟ ಚಿತ್ರಗಳು ಕಾಲಕ್ರಮದಲ್ಲಿ ಓದಲಾಗದಂತೆ ಆಗುವ ಸಂಭವವುಂಟು. ಅವುಗಳನ್ನು ಈಗಲೇ ಹೊಸ ಡಿಸ್ಕಿಗೆ ಇಳಿಸಿಕೊಳ್ಳುವುದು ಜಾಣತನ.

ವಡೋದರಾದ ಕಲಾವಿದ ಜ್ಯೋತಿ ಭಟ್ಟರು ಹಳ್ಳಿಹಳ್ಳಿಗಳಲ್ಲಿ ಸಂಚರಿಸಿ ಜನಪದರ ಗೋಡೆಚಿತ್ರ, ರಂಗೋಲಿಗಳನ್ನು ಕ್ಯಾಮರಾದಲ್ಲಿ ಸೆರೆಹಿಡಿದರು. ಗೋಡೆಗೆ ಹೊಸ ಸುಣ್ಣ ಬಳಿದಾಗ ಹಳೆಯ ಚಿತ್ತಾರ ಅಳಿಯುತ್ತದೆ, ಛಾಯಾಚಿತ್ರ ಉಳಿಯುತ್ತದೆ. ಅವರ ಛಾಯಾಚಿತ್ರಗಳ ಸಂಗ್ರಹವೊಂದು ಇಂದು ನಮ್ಮ ಬೆಂಗಳೂರಿನ ಮ್ಯಾಪ್ ಸಂಗ್ರಹಾಲಯದಲ್ಲಿದೆ. ಗುಜರಾತಿನ ನೆನಪನ್ನು ಕರ್ನಾಟಕವು ಕಾಯುತ್ತಿರುವ ಈ ಉದಾಹರಣೆಯಿಂದ ನಾವು ಕಲಿಯಬೇಕಾದುದುಂಟು. ಚಿತ್ರಗಳ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತ್ಯೇಕ ಡಿಸ್ಕಿನಲ್ಲಿ, ಮೂರನೆಯದು ಊರಿನಲ್ಲಿರುವ ಅಣ್ಣತಮ್ಮಂದಿರ ಮನೆಯಲ್ಲಿ ಇರಲಿ. ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಆರಿಸಿ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ದಿನಾಂಕಗಳನ್ನು ಬರೆದಿಡಬೇಕು. ಹೆಸರಿಲ್ಲದ ಚಿತ್ರದಲ್ಲಿರುವವರು ಮುಂದಿನ ತಲೆಮಾರಿಗೆ ಅಪರಿಚಿತರೇ.

ಸಾರಾಂಶ

1. ಹಗಲಿನ ಚಿತ್ರ, ಆಲ್ಬಮ್ಮಿನ ಅಳತೆ ಇಷ್ಟೇ ಸಾಕೆನ್ನುವವರಿಗೆ ಹಳೆಯ ಕ್ಯಾಮರಾ ಇಂದಿಗೂ ಸಾಕು.

2. ಇರುಳಿನ ಸಮಾರಂಭ, ಓಡುವ ಮಕ್ಕಳು, ಹಿರಿಯರ ಧ್ವನಿ ಇವು ಬೇಕಾದವರಿಗೆ ಹೊಸದು ಸಾರ್ಥಕ.

3. ಇದ್ದುದರಲ್ಲಿಯೇ ಸುಧಾರಿಸಬಯಸುವವರು ಮೊದಲು ಮಸೂರಕ್ಕೆ ಹಣ ಹಾಕಲಿ.

4. ಹೊಸದಾಗಿ ಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ನಿಕಾನ್, ಕ್ಯಾನನ್ ಸಂಸ್ಥೆಗಳೆರಡೂ 2018ರಿಂದ ಕನ್ನಡಿಯಿಲ್ಲದ ಕ್ಯಾಮರಾಗಳತ್ತ ಹೊರಳಿವೆ. ಹಾಗೆಂದು ಕೈಯಲ್ಲಿರುವ ಯಂತ್ರ ಚಿತ್ರ ತೆಗೆಯುವುದನ್ನೇನೂ ನಿಲ್ಲಿಸುವುದಿಲ್ಲ.

ಬೀರುವಿನಲ್ಲಿರುವ ಕ್ಯಾಮರಾವನ್ನು ಹೊರತೆಗೆದು, ಬ್ಯಾಟರಿ ತುಂಬಿಸಿ, ಬರುವ ಭಾನುವಾರ ಮನೆಯ ಹಿರಿಯರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ಒಂದು ಚಿತ್ರ ತೆಗೆದು ನೋಡಿರಿ. ಹೊಸದು ಬೇಕೋ ಬೇಡವೋ ಎಂಬುದು ಅದರಿಂದಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.