ಉದುರುಗಾಯಿಯಿಂದ ಯುಗಾದಿ ಕಾಲದ ತಿನಿಸು

ಫಾಲ್ಗುಣ ಕಳೆದು ಚೈತ್ರ ಹುಟ್ಟುವ ಹೊತ್ತಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮಾವಿನ ತೋಪುಗಳಲ್ಲಿ ಮರದ ಬುಡವೆಲ್ಲ ಉದುರುಗಾಯಿ. ಕಚ್ಚಿದ ಕಾಯಿಗಳಲ್ಲಿ ಬಹುಪಾಲು ಬಲಿಯುವ ಮೊದಲೇ ಉದುರುವುದು ಮಾವಿನ ಸಹಜ ಗುಣ. ಅದರ ಮೇಲೆ ಗಾಳಿಯೋ ಆಲಿಕಲ್ಲು ಮಳೆಯೋ ಬಂದರೆ ಒಂದೇ ಸಂಜೆಗೆ ಮಂಕರಿಗಟ್ಟಲೆ ಕಾಯಿ ನೆಲಕ್ಕೆ ಬೀಳುತ್ತದೆ. ವ್ಯಾಪಾರಿ ಕೇಳಿದ ಬೆಲೆಗೆ ಅದನ್ನು ಕೊಟ್ಟುಬಿಡುವುದು, ಇಲ್ಲವೇ ಬುಡದಲ್ಲೇ ಕೊಳೆಯಲು ಬಿಡುವುದು ನಮ್ಮಲ್ಲಿ ರೂಢಿ.

ಆದರೆ ಜನ ಹುಳಿಯನ್ನು ಹುಡುಕಿ ತಿನ್ನುವ ಕಾಲವೂ ಇದೇ ಅಲ್ಲವೇ? ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ, ರಾಮನವಮಿಗೆ ಪಾನಕದ ಜೊತೆ ಮಾವಿನಕಾಯಿ ತುರಿ ಬೆರೆಸಿದ ಕೋಸಂಬರಿ. ಪೆಟ್ಟಿಗೆ ಅಂಗಡಿಗಳ ಮುಂದೆ ಉಪ್ಪು ಖಾರ ಸವರಿದ ಹೋಳು. ತೊಡಕೆಂದರೆ ಹಬ್ಬದ ದಿನ ಮರದ ಲೆಕ್ಕ ನೋಡಿ ಬರುವುದಿಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹಬ್ಬ ಮುಂಚೆ ಬಂದ ವರ್ಷ ಕಾಯಿ ಇನ್ನೂ ಮಿಡಿ. ತಡವಾಗಿ ಬಂದ ವರ್ಷ ಎಲ್ಲರ ಬಳಿಯೂ ಕಾಯಿ.

ಇದಕ್ಕೆ ಜಪಾನ್ ದೇಶದ ರೈತರು ಕಂಡುಕೊಂಡ ದಾರಿ ನೋಡತಕ್ಕದ್ದು. ಅಲ್ಲಿ ಹಗಲು ರಾತ್ರಿ ತೆರೆದಿರುವ ಚಿಕ್ಕ ಅಂಗಡಿಗಳು ಬೀದಿಬೀದಿಗೂ ಇವೆ. ವಸಂತದಲ್ಲಿ ಚೆರಿ ಹೂವು ಅರಳುವ ಮೊದಲೇ ಸಕುರಾ ಮೋಚಿ ಎಂಬ ಸಿಹಿ ಅವುಗಳ ಕಪಾಟಿಗೆ ಬರುತ್ತದೆ. ಅಕ್ಕಿಯ ಕಣಕದೊಳಗೆ ಕೆಂಪು ಕಾಳಿನ ಹೂರಣ, ಹೊರಗೆ ಉಪ್ಪಿನಲ್ಲಿಟ್ಟ ಚೆರಿ ಎಲೆ. ನಮ್ಮ ಹೋಳಿಗೆಯ ದೂರದ ನೆಂಟನೆನ್ನಬಹುದು! ಹೂವಿನ ಕಾಲಕ್ಕೆ ಮರದಲ್ಲಿ ಬಲಿತ ಎಲೆ ಇರುವುದಿಲ್ಲ. ಆದ್ದರಿಂದ ಶಿಜುವೊಕಾ ಪ್ರಾಂತದ ಮಾತ್ಸುಜಾಕಿ ಎಂಬಲ್ಲಿ ಎಲೆಗಾಗಿಯೇ ಗಿಡ ಬೆಳೆಸಿ, ಹಿಂದಿನ ಬೇಸಿಗೆಯಲ್ಲೇ ಕೊಯ್ದು, ದೊಡ್ಡ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಉಪ್ಪು ಹಾಕಿಡುತ್ತಾರೆ. ನಮ್ಮ ಕರಾವಳಿಯವರೂ ಮಳೆಗಾಲಕ್ಕೆಂದು ಮಾವಿನಕಾಯಿಯನ್ನು ಉಪ್ಪುನೀರಿನ ಭರಣಿಯಲ್ಲಿ ಇಡುವುದುಂಟು. ನಾವು ಈ ವರ್ಷದ ಉದುರುಗಾಯಿಯನ್ನು ಬರುವ ಯುಗಾದಿಗೆ ಇಟ್ಟುಕೊಳ್ಳಬಾರದೇಕೆ?

ಮೊದಲು ಆಯ್ಕೆ. ಜಿಗಿಹುಳು, ಬೂದಿರೋಗಗಳಿಗೆ ಔಷಧಿ ಹೊಡೆದ ಮರದ ಕಾಯಿಯನ್ನು ಡಬ್ಬದ ಚೀಟಿಯಲ್ಲಿ ಹೇಳಿದ ಕಾಯುವ ಅವಧಿ ಮುಗಿಯುವವರೆಗೆ ಮುಟ್ಟಕೂಡದು. ಉಪ್ಪಿನಿಂದಾಗಲಿ ತೊಳೆಯುವುದರಿಂದಾಗಲಿ ಔಷಧಿಯ ಶೇಷ ಪೂರ್ತಿ ಹೋಗುವುದಿಲ್ಲ. ಈ ತಿನಿಸನ್ನು ಹೆಚ್ಚು ತಿನ್ನುವವರು ಮಕ್ಕಳು. ಬಿದ್ದ ದಿನವೇ ಆರಿಸಿದ ಗಟ್ಟಿ ಕಾಯಿ ಮಾತ್ರ ಇರಲಿ. ಕೊಳೆತದ್ದು, ಹುಳು ಕೊರೆದದ್ದನ್ನು ಆಳವಾಗಿ ಹೂಳಿರಿ. ತೋಪಿನಲ್ಲಿ ಹಣ್ಣುನೊಣದ ಕಾಟ ತಗ್ಗಲಿಕ್ಕೂ ಇದು ಸಹಾಯ.

ತೊಟ್ಟಿನ ಕಡೆ ಕತ್ತರಿಸಿ, ಕಾಯಿಯನ್ನು ಬೋರಲು ಇಟ್ಟು ಸೊನೆ ಇಳಿಸಬೇಕು. ಸೊನೆ ಉಳಿದರೆ ಬಾಯಿ ಸುಡುತ್ತದೆ. ತೊಳೆದು, ನೀರಾರಿಸಿ, ಪೆಟ್ಟಾದ ಭಾಗ ತೆಗೆದು ಹೋಳು ಮಾಡಿರಿ. ಒಂದು ಕಿಲೋ ಹೋಳಿಗೆ 200 ಗ್ರಾಂ ಉಪ್ಪು, ಒಂದು ಚಮಚ ಅರಿಶಿನ. ಪಿಂಗಾಣಿ ಜಾಡಿ ಇಲ್ಲವೇ ಗಾಜಿನ ಭರಣಿಯೇ ಆಗಬೇಕು. ಹುಳಿಯೂ ಉಪ್ಪೂ ಸೇರಿ ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಪಾತ್ರೆಗಳನ್ನು ತಿನ್ನುತ್ತವೆ. ಐದಾರು ದಿನ ಒಣಗಿದ ಮರದ ಸೌಟಿನಿಂದ ದಿನಕ್ಕೊಮ್ಮೆ ಕೈಯಾಡಿಸಿ. ಬಿಟ್ಟುಕೊಂಡ ರಸದಲ್ಲಿ ಹೋಳು ಮುಳುಗದಿದ್ದರೆ, ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ ಸುರಿಯಿರಿ. ಮೇಲೆ ತಟ್ಟೆ ಹೇರಿ, ಬಾಯಿಗೆ ಬಟ್ಟೆ ಕಟ್ಟಿ, ತಂಪು ಕೋಣೆಯಲ್ಲಿಡಿ. ಹೋಳು ನೀರಿನಿಂದ ಮೇಲೆ ಬಂತೆಂದರೆ ಬೂಸಲು ಹಿಡಿಯಿತೆಂದೇ ತಿಳಿಯಿರಿ. ಬೂಸಲು ಹಿಡಿದು ನಾತ ಬಂದ ಜಾಡಿಯನ್ನು ಚೆಲ್ಲಿರಿ, ಉಳಿಸಲು ಹೋಗಬೇಡಿ.

ಬಳಸುವ ದಿನ ಹೋಳನ್ನು ಸಿಹಿನೀರಿನಲ್ಲಿ ನೆನೆಸಿ, ನೀರನ್ನು ಎರಡು ಸಲ ಬದಲಿಸಿ. ಕೊಚ್ಚಿ ಚಿತ್ರಾನ್ನಕ್ಕೋ ಕೋಸಂಬರಿಗೋ ಹಾಕುವಾಗ ಬೇರೆ ಉಪ್ಪು ಬೇಡ. ಖಾರದಪುಡಿ ಸವರಿದರೆ ಅಂಗಡಿಯ ತಿನಿಸಾಯಿತು. ರಕ್ತದೊತ್ತಡವುಳ್ಳವರು ಇದನ್ನು ದೂರವಿಡುವುದೇ ಲೇಸು.

ಮಾರಾಟದ ಮಾತು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರದ ಕಾರುಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಹೋಗುತ್ತವೆ. ಹಳೆಯ ರಸ್ತೆಯ ಗಿರಾಕಿಯನ್ನು ನಂಬಿ ಜಾಡಿ ತುಂಬುವುದು ಜಾಣತನವಲ್ಲ. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಅಂಗಡಿಗಳನ್ನೂ ಜಾತ್ರೆಗಳನ್ನೂ ಮೊದಲೇ ವಿಚಾರಿಸಿರಿ. ಮಾರುವವರು ಆಹಾರ ಸುರಕ್ಷತಾ ನೋಂದಣಿ ಪಡೆಯುವುದು ಕಡ್ಡಾಯ. ಮಹಿಳಾ ಸ್ವಸಹಾಯ ಸಂಘದ ಹೆಸರಿನಲ್ಲಿ ಮಾಡಿಸಿದರೆ ಹಲವು ಮನೆಗಳಿಗೆ ಅನುಕೂಲ. ಮೊದಲ ವರ್ಷ 10 ಕಿಲೋ ಹೋಳಿನ ಮೇಲೆ ಹೋಗಬೇಡಿ. ಪ್ರತಿ ಜಾಡಿಯ ಮೇಲೂ ಕಾಯಿಯ ತಳಿ ಮತ್ತು ಉಪ್ಪು ಹಾಕಿದ ತಾರೀಖು ಬರೆದಿಡಿ.