ಕನಕಾಂಬರ: ಎಲೆ ಹಳದಿಯಾದರೆ ಮೊದಲು ಬೇರು ನೋಡಿ

ಕನಕಾಂಬರದ ಎಲೆ ಹಳದಿಗೆ ತಿರುಗಿ, ಅಂಚಿನಲ್ಲಿ ನೇರಳೆ ಛಾಯೆ ಬಂದಿರೋ ಫೋಟೋ ನನ್ನ ವಾಟ್ಸಾಪಿಗೆ ಆಗಾಗ ಬರುತ್ತೆ. ಜೊತೆಗೆ ಒಂದೇ ಪ್ರಶ್ನೆ: "ಅಣ್ಣ, ಯಾವ ಗೊಬ್ಬರ ಕೊಡ್ಲಿ?" ನಾನು ಹೇಳೋದೂ ಒಂದೇ: "ಒಂದು ಗಿಡ ಕಿತ್ತು, ಬೇರು ತೊಳೆದು ಫೋಟೋ ಕಳಿಸಪ್ಪ."

ಈ ಬುದ್ಧಿ ನನಗೆ ಬಂದಿದ್ದು 10 ಗುಂಟೆ ಕಳ್ಕೊಂಡ ಮೇಲೆ. ಟೊಮೆಟೊ ಮುಗಿದ ಜಮೀನಿಗೇ ಫೆಬ್ರವರಿಯಲ್ಲಿ ಡೆಲ್ಲಿ ಕನಕಾಂಬರ ನಾಟಿ ಮಾಡಿದೆ. ಸಸಿ ಹೊರಗಿನಿಂದ ತಂದದ್ದು. ಮೂರನೇ ತಿಂಗಳಿಗೆ ಹೂವೂ ಬಂತು. ಆಮೇಲೆ ಅಲ್ಲೊಂದು ಇಲ್ಲೊಂದು ಕಡೆ ಗಿಡ ಕುಳ್ಳಾಗಿ ನಿಂತವು. ನೀರು ಸಾಲದು ಅಂತ ನೀರು ಬಿಟ್ಟೆ, ಸಾರ ಸಾಲದು ಅಂತ ಯೂರಿಯಾ ಹಾಕಿದೆ. ಹೂವಿಗೆ ಒಳ್ಳೇ ಬೆಲೆ ಇರೋ ವರಮಹಾಲಕ್ಷ್ಮಿ ಹಬ್ಬದ ವಾರಕ್ಕೆ ಅರ್ಧ ತೋಟ ಒಣಗಿತ್ತು. ಆಗ ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು.

ಅದು ಬೇರುಗಂಟು ಜಂತುಹುಳು, ಅಂದರೆ ನೆಮಟೋಡ್. ಕಣ್ಣಿಗೆ ಕಾಣಲ್ಲ. ಬೇರಿನೊಳಗೆ ಕೂತು ರಸ ಹೀರುತ್ತೆ, ಅದು ಮಾಡಿದ ಗಾಯದ ದಾರಿಯಲ್ಲಿ ಸೊರಗು ರೋಗದ ಶಿಲೀಂಧ್ರ ಒಳಗೆ ಹೋಗುತ್ತೆ. ಬೇರೇ ಹಾಳಾದ ಮೇಲೆ ಯೂರಿಯಾ ಏನು ಮಾಡೀತು? ಇನ್ನೊಂದು ವಿಷಯ, ಗಂಟಿಲ್ಲ ಅಂದ ಮಾತ್ರಕ್ಕೆ ಹುಳು ಇಲ್ಲ ಅಂತಲ್ಲ. ಕನಕಾಂಬರಕ್ಕೆ ಬರುವ ಇನ್ನೊಂದು ಜಾತಿಯ ಜಂತುಹುಳು ಗಂಟು ಮಾಡಲ್ಲ, ಬೇರಿನ ಮೇಲೆ ಕಂದು-ಕಪ್ಪು ಕಲೆ ಮಾತ್ರ ಮಾಡುತ್ತೆ. ಅನುಮಾನ ಬಂದರೆ ಬೇರಿನ ಸಮೇತ ಹಸಿ ಮಣ್ಣನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಸಿಲಿಗೆ ಇಡದೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.

ನಾನು ಎರಡು ತಪ್ಪು ಮಾಡಿದ್ದೆ. ಟೊಮೆಟೊ, ಬದನೆ, ಬೆಂಡೆ ಮೂರೂ ಈ ಹುಳು ಸಾಕೋ ಬೆಳೆಗಳು, ಅವುಗಳ ಹಿಂದೆಯೇ ಕನಕಾಂಬರ ಇಟ್ಟಿದ್ದು ಮೊದಲನೇದು. ಎರಡನೇದು, ಎಲ್ಲಿಯದೋ ಮಣ್ಣಿನ ಜೊತೆ ಬಂದ ಸಸಿಯನ್ನ ಬೇರು ನೋಡದೆ ನೆಟ್ಟಿದ್ದು.

ಡೆಲ್ಲಿ ತಳಿ ಬೀಜ ಕಟ್ಟಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಇದು ನಮಗೆ ಅನುಕೂಲವೇ, ಯಾಕಂದ್ರೆ ಈ ಹುಳು ಇರೋದು ಬೇರಲ್ಲಿ, ತುದಿ ಕುಡಿಯಲ್ಲಿ ಅಲ್ಲ. ಆರೋಗ್ಯವಾಗಿರೋ ಗಿಡದಿಂದ 4-5 ಇಂಚಿನ ತುದಿ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹೊಸ ಕೋಕೋಪೀಟ್ ತುಂಬಿದ ಟ್ರೇನಲ್ಲಿ ನೆರಳಿಗಿಟ್ಟು ತೇವ ಕಾಯ್ದುಕೊಳ್ಳಿ. ಸುಮಾರು ಒಂದು ತಿಂಗಳಲ್ಲಿ ಬೇರು ಬಿಡುತ್ತೆ. ಹೊಲದ ಮಣ್ಣು ಮಾತ್ರ ಟ್ರೇಗೆ ಬೆರೆಸಬೇಡಿ. (ನಾಟಿ ತಳಿಗಾದರೆ ಬೀಜ ಇದೆ. ಒಣಗಿದ ಕಾಯಿಗೆ ನೀರು ಬಿದ್ದರೆ ಪಟ್ ಅಂತ ಸಿಡಿದು ಬೀಜ ಹಾರಿಹೋಗುತ್ತೆ, ಮಳೆಗೆ ಮುಂಚೆ ಕಿತ್ತಿಟ್ಟುಕೊಳ್ಳಿ.)

ಜಮೀನಿನ ಕೆಲಸ ಏಪ್ರಿಲ್-ಮೇನಲ್ಲೇ ಶುರು ಮಾಡಿ. ಆಳವಾಗಿ ಉತ್ತು, ನೀರು ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ 4-6 ವಾರ ಬಿಡಿ. ಹಾಳೆಯ ಖರ್ಚು ಜಾಸ್ತಿ ಅನಿಸಿದರೆ ಸಸಿ ಮಡಿಗಾದರೂ ಮಾಡಿ. ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ 2 ಕೆ.ಜಿ., ಪೆಸಿಲೋಮೈಸಿಸ್ 2 ಕೆ.ಜಿ. ಬೆರೆಸಿ, ನೆರಳಲ್ಲಿ ತೇವವಾಗಿ 15 ದಿನ ಮುಚ್ಚಿಟ್ಟು, ಆಮೇಲೆ ಬೇವಿನ ಹಿಂಡಿ ಜೊತೆ ಸಾಲಿಗೆ ಹಾಕಿ. ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 40. ನೀರು ನಿಲ್ಲದ ಹಾಗೆ ದಿಂಡಿನ ಮೇಲೆ ನೆಡಿ. ಹೂ ಬಿಡಿಸೋದು ದಿನ ಬಿಟ್ಟು ದಿನ, ಬೆಳಿಗ್ಗೆ ಬೇಗ.

ಈಗಾಗಲೇ ಹುಳು ಬಿದ್ದಿರೋ ತೋಟ ಪೂರ್ತಿ ವಾಸಿಯಾಗಲ್ಲ, ಆಸೆ ತೋರಿಸಿ ಔಷಧಿ ಮಾರೋರ ಮಾತು ಕೇಳಬೇಡಿ. ಸೊರಗಿದ ಗಿಡ ಬೇರು ಸಮೇತ ಕಿತ್ತು ಸುಡಿ. ಉಳಿದವಕ್ಕೆ ಬೇವಿನ ಹಿಂಡಿ ಕೊಟ್ಟು, ಸಿಕ್ಕಷ್ಟು ಹೂ ಬಿಡಿಸಿಕೊಳ್ಳಿ. ಆ ಜಾಗದ ನೀರು ಪಕ್ಕದ ಮಡಿಗೆ ಹರಿಯೋಕೆ ಬಿಡಬೇಡಿ, ಗುದ್ದಲಿ ತೊಳೆದೇ ಬೇರೆ ಕಡೆ ಬಳಸಿ.

ನನ್ನ ಆ 10 ಗುಂಟೆಯಲ್ಲಿ ಈಗ ಚೆಂಡು ಹೂವಿದೆ, ಅದರ ಬೇರು ಈ ಹುಳುವನ್ನ ಕಡಿಮೆ ಮಾಡುತ್ತೆ. ಕಟಾವಾದ ಮೇಲೆ ಗಿಡವನ್ನ ಅಲ್ಲೇ ಉತ್ತು, ಮಣ್ಣು ಪರೀಕ್ಷೆ ಮಾಡಿಸ್ತೀನಿ. ಕನಕಾಂಬರದ ಕಡ್ಡಿ ಟ್ರೇನಲ್ಲಿ ಚಿಗುರಿವೆ, ಆದರೂ ರಿಪೋರ್ಟ್ ಬರೋ ತನಕ ನೆಡಲ್ಲ.